ಪಿಸಿಯ ಸೌಂಡು ಟೀವಿಗೋ, ರಿಸೀವರ್‌ಗೋ, ಎರಡಕ್ಕೂನೋ?

ಬೆಳಿಗ್ಗೆ ಆರೂವರೆಗೆ ಅಪ್ಪನ ಫೋನು. ನಾನು ಕೆಲಸದ ಮೇಲೆ ಬೇರೆ ಊರಿನಲ್ಲಿದ್ದೆ.

"ಲೋ, ಟೀವಿಲಿ ಏನೂ ಬರ್ತಿಲ್ಲ ಕಣೋ. ಬರೀ ಕಪ್ಪು."

"ರಿಸೀವರ್ ಸ್ವಿಚ್ ಹಾಕಿದ್ದೀರಾ ಅಪ್ಪಾ?"

"ಯಾವ ರಿಸೀವರ್ರೋ? ಆ ಕರೀ ಡಬ್ಬಾನಾ? ಅದು ನಿನ್ನ ಸಿನಿಮಾಗೆ ಅಲ್ವಾ? ವಾರ್ತೆ ಕೇಳೋಕೂ ಅದೇ ಬೇಕಾ?"

ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಮನೆಯಲ್ಲಿ ಕೇಬಲ್ಲೂ ಇಲ್ಲ, ಡಿಶ್ಶೂ ಇಲ್ಲ. ಟೀವಿಯ ಹಿಂದೆ ಅಂಗೈಯಗಲದ ಒಂದು ಮಿನಿ ಪಿಸಿ ಇದೆ, ಎಲ್ಲ ಅದರದ್ದೇ ಕಾರುಬಾರು. ವಾರ್ತೆ ಬ್ರೌಸರಿನಲ್ಲಿ, ಸಿನಿಮಾ ಕೋಡಿಯಲ್ಲಿ. ಕೋಡಿ ಎಂದರೆ ಸಿನಿಮಾ, ಹಾಡು ನುಡಿಸುವ ಒಂದು ಪ್ರೋಗ್ರಾಮ್. ಪಿಸಿಯಿಂದ ಚಿತ್ರ, ಸೌಂಡು ಎರಡನ್ನೂ ಒಯ್ಯುವ ಒಂದು ಎಚ್‌ಡಿಎಂಐ ಕೇಬಲ್ ರಿಸೀವರ್‌ಗೆ (ಸೌಂಡನ್ನು ಸುತ್ತಲಿನ ಸ್ಪೀಕರ್‌ಗಳಿಗೆ ಹಂಚಿ ನುಡಿಸುವ ಕರೀ ಡಬ್ಬ ಅದು), ಅಲ್ಲಿಂದ ಇನ್ನೊಂದು ಟೀವಿಗೆ. ಮ್ಯಾನ್ಯುಯಲ್‌ನಲ್ಲಿ ಹೇಳಿದ ಹಾಗೆಯೇ ಜೋಡಿಸಿದ್ದೆ. ಆದರೆ ಅಮ್ಮ ಮಲಗುವ ಮುಂಚೆ ಗೋಡೆಯ ಸ್ವಿಚ್ಚುಗಳನ್ನೆಲ್ಲ ಆಫ್ ಮಾಡಿಯೇ ಮಲಗುವುದು ಎಂಬ ವಿಷಯ ಯಾವ ಮ್ಯಾನ್ಯುಯಲ್‌ನಲ್ಲೂ ಇರುವುದಿಲ್ಲ. ಬೆಳಿಗ್ಗೆ ಅಪ್ಪ ಟೀವಿ ಸ್ವಿಚ್ ಹಾಕಿದರು, ಪಿಸಿ ಸ್ವಿಚ್ ಹಾಕಿದರು. ಕರೀ ಡಬ್ಬದ ಸ್ವಿಚ್ ಹಾಕಲಿಲ್ಲ. ನಡುವಿನ ಸೇತುವೆಯೇ ಇಲ್ಲದ ಮೇಲೆ ಚಿತ್ರ ಎಲ್ಲಿಂದ ಬರಬೇಕು?

ಅವತ್ತು ಶುರುವಾದ ಪ್ರಯೋಗ ಒಂದೆರಡು ತಿಂಗಳು ನಡೆಯಿತು. ಮಾರ್ಕೆಟ್ಟಿನಲ್ಲಿ ಸಿಗುವ ದಾರಿಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಯಾವುದು ಯಾರಿಗೆ ಹೊಂದುತ್ತದೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಳತೆಗೋಲು ಒಂದೇ: ನಾನು ಮನೆಯಲ್ಲಿ ಇಲ್ಲದಾಗ ಅಪ್ಪ ಫೋನ್ ಮಾಡದೆ ವಾರ್ತೆ ನೋಡಬೇಕು, ನಾನು ಮನೆಯಲ್ಲಿದ್ದಾಗ ಸಿನಿಮಾದ 5.1 ಸೌಂಡಿನಲ್ಲಿ (ಐದು ಸ್ಪೀಕರ್, ಒಂದು ಸಬ್‌ವೂಫರ್) ಒಂದು ಚೂರೂ ಕಮ್ಮಿ ಆಗಬಾರದು.

ಒಟ್ಟಿಗೇ ಬೇಕಾ, ಬೇರೆ ಬೇರೆ ಹೊತ್ತಿಗಾ?

ಕೇಬಲ್ ಕೊಳ್ಳುವ ಮುಂಚೆ ಇದನ್ನು ತೀರ್ಮಾನ ಮಾಡಿಕೊಳ್ಳಿ. "ಎರಡಕ್ಕೂ ಸೌಂಡು ಬೇಕು" ಎನ್ನುವವರಲ್ಲಿ ಹೆಚ್ಚಿನವರಿಗೆ ನಿಜವಾಗಿ ಬೇಕಾಗಿರುವುದು ಒಮ್ಮೆ ಟೀವಿಯಲ್ಲಿ, ಇನ್ನೊಮ್ಮೆ ರಿಸೀವರ್‌ನಲ್ಲಿ. ಒಂದೇ ಕೋಣೆಯಲ್ಲಿ ಎರಡೂ ಒಟ್ಟಿಗೆ ಮಾತಾಡಿದರೆ ಕೇಳಲು ಹಿತವಾಗಿರುವುದಿಲ್ಲ.

ಊರಹಬ್ಬದಲ್ಲಿ ಎರಡು ಬೀದಿಗೆ ಎರಡು ಹಾರ್ನ್ ಸ್ಪೀಕರ್ ಕಟ್ಟಿರುತ್ತಾರಲ್ಲ, ಒಂದೇ ಹಾಡು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಹಾಗೆ ಆಗುತ್ತದೆ. ಅಲ್ಲಿ ಕಾರಣ ದೂರ. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನಮ್ಮ ಹಾಲಿನಲ್ಲಿ ಮೂರು ಮೀಟರ್ ದಾಟಲು 9 ಮಿಲಿಸೆಕೆಂಡ್ ಸಾಕು, ಹಾಗಾಗಿ ಮನೆಯಲ್ಲಿ ದೂರದ ತೊಂದರೆ ಇಲ್ಲ. ಇಲ್ಲಿ ತಡ ಮಾಡುವುದು ಟೀವಿ. ಚಿತ್ರವನ್ನು ತಿದ್ದಿ ತೀಡಲು ಅದಕ್ಕೆ ಸ್ವಲ್ಪ ಹೊತ್ತು ಬೇಕು. ತುಟಿಗೂ ಮಾತಿಗೂ ಹೊಂದಿಕೆಯಾಗಲಿ ಎಂದು ಸೌಂಡನ್ನೂ ಅಷ್ಟೇ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ರಿಸೀವರ್‌ಗೆ ಆ ರಗಳೆ ಇಲ್ಲ, ಬಂದ ತಕ್ಷಣ ಹೇಳಿಬಿಡುತ್ತದೆ. ನಡುವಿನ ಅಂತರ 30–40 ಮಿಲಿಸೆಕೆಂಡ್ ದಾಟಿದರೆ ಕಿವಿಗೆ ಎರಡು ಬೇರೆ ಬೇರೆ ಮಾತಾಗಿ ಕೇಳಿಸುತ್ತದೆ. ಅದಕ್ಕಿಂತ ಕಮ್ಮಿ ಇದ್ದರೆ ಪ್ರತಿಧ್ವನಿ ಇರುವುದಿಲ್ಲ, ಆದರೆ ದನಿ ಕೊಳವೆಯೊಳಗಿಂದ ಬಂದಂತೆ ಟೊಳ್ಳಾಗುತ್ತದೆ.

ಒಟ್ಟಿಗೆ ಬೇಕಾದ ಸಂದರ್ಭಗಳೂ ಇಲ್ಲದಿಲ್ಲ. ರಿಸೀವರ್‌ನ ಸ್ಪೀಕರ್ ಅಡುಗೆಮನೆಗೆ ಎಳೆದಿದ್ದೀರಿ, ಟೀವಿ ಹಾಲಿನಲ್ಲಿದೆ ಅನ್ನಿ. ಅಥವಾ ಕಿವಿ ಮಂದವಾದ ಅಜ್ಜಿಯ ಮಂಚದ ಪಕ್ಕ ಒಂದು ಪುಟ್ಟ ಸ್ಪೀಕರ್ ಇಡಬೇಕು. ಅಂಥವರು ಮುಂದೆ ಸಾಫ್ಟ್‌ವೇರ್ ದಾರಿಯ ಬಗ್ಗೆ ಬರೆದಿರುವ ಕಡೆಗೆ ನೇರವಾಗಿ ಹೋಗಬಹುದು. ಮಿಕ್ಕವರಿಗೆ ಬೇಕಾಗಿರುವುದು ಸೌಂಡನ್ನು ಎರಡು ಮಾಡುವ ಸಾಧನ ಅಲ್ಲ, ಅತ್ತಿತ್ತ ತಿರುಗಿಸುವ ಉಪಾಯ.

ಪಿಸಿ, ರಿಸೀವರ್, ಆಮೇಲೆ ಟೀವಿ

ಇದು ರಾಜಮಾರ್ಗ. ಸೌಂಡಿನ ಗುಣಮಟ್ಟ ಒಂದನ್ನೇ ನೋಡಿದರೆ ಇದಕ್ಕೆ ಸಾಟಿ ಇಲ್ಲ. ಬ್ಲೂ-ರೇ ಡಿಸ್ಕಿನಲ್ಲಿ ಬರುವ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಎಂಬ ಸೌಂಡಿನ ಬಗೆಗಳು, ಎಂಟು ಚಾನೆಲ್‌ಗಳ ಪಿಸಿಎಂ (ಹಿಂಡದೆ ಬಿಡಿಸಿಟ್ಟ ಸೌಂಡು), ಎಲ್ಲ ಒಂದೇ ಕೇಬಲ್‌ನಲ್ಲಿ ನೇರವಾಗಿ ರಿಸೀವರ್ ಮುಟ್ಟುತ್ತವೆ. 2006ರಲ್ಲಿ ಬಂದ ಎಚ್‌ಡಿಎಂಐ 1.3ರಿಂದ ಈಚೆಗಿನ ಹೆಚ್ಚಿನ ರಿಸೀವರ್‌ಗಳು ಇವನ್ನು ಬಿಡಿಸಿ ಓದಬಲ್ಲವು.

ಟೀವಿಯಲ್ಲೂ ಸೌಂಡು ಬರಬೇಕೆಂದರೆ ರಿಸೀವರ್‌ನ ಮೆನುವಿನಲ್ಲಿ ಎಚ್‌ಡಿಎಂಐ ಆಡಿಯೋ ಔಟ್ ಎಂಬರ್ಥದ ಒಂದು ಆಯ್ಕೆ ಇರುತ್ತದೆ. ಡೆನಾನ್‌ನಲ್ಲಿ ಎವಿಆರ್ ಅಥವಾ ಟೀವಿ, ಎರಡರಲ್ಲಿ ಒಂದು. ಸೋನಿಯ ಹಲವು ಮಾದರಿಗಳಲ್ಲಿ "ಟೀವಿ + ಆಂಪ್" ಎಂದೇ ಇದೆ. ಅರೆ, ಬೇಕಾಗಿದ್ದು ಇದೇ ಅಲ್ವಾ ಎಂದು ಒತ್ತಿಬಿಡಬೇಡಿ. ಹಾಗೆ ಒತ್ತಿದರೆ ರಿಸೀವರ್ ಟೀವಿಯ ಯೋಗ್ಯತೆಗೆ ಇಳಿಯುತ್ತದೆ.

ಯಾಕೆ ಎಂದರೆ ಜಾತಕ. ಕೇಬಲ್ ಚುಚ್ಚಿದ ಕೂಡಲೇ ಆ ಕಡೆಯ ಯಂತ್ರ ಪಿಸಿಗೆ ತನ್ನ ಜಾತಕ ಕೊಡುತ್ತದೆ: ನಾನು ಇಷ್ಟು ದೊಡ್ಡ ಚಿತ್ರ ತೋರಿಸಬಲ್ಲೆ, ಇಂತಿಂಥ ಸೌಂಡು ನುಡಿಸಬಲ್ಲೆ ಎಂದು. ತಾಂತ್ರಿಕವಾಗಿ ಅದಕ್ಕೆ ಇಡಿಐಡಿ ಎಂದು ಹೆಸರು. ನಡುವೆ ರಿಸೀವರ್ ಇದ್ದರೆ ಚಿತ್ರದ ಭಾಗಕ್ಕೆ ಟೀವಿಯ ಜಾತಕ, ಸೌಂಡಿನ ಭಾಗಕ್ಕೆ ತನ್ನ ಜಾತಕ ಸೇರಿಸಿ ಕಳಿಸುತ್ತದೆ. ಎರಡೂ ನುಡಿಯಲಿ ಎಂದು ಕೇಳಿದರೆ ಇಬ್ಬರಿಗೂ ಒಪ್ಪುವುದನ್ನೇ ಹೇಳಬೇಕಾಗುತ್ತದೆ. ಟೀವಿಗೆ ಒಪ್ಪುವುದು ಬರೀ ಸ್ಟೀರಿಯೋ ಆದರೆ ಐದು ಸ್ಪೀಕರ್ ಇಟ್ಟುಕೊಂಡು ಎರಡರ ಸೌಂಡು ಕೇಳುತ್ತಾ ಕೂರಬೇಕು. ಸೌಂಡಿನ ತಕರಾರುಗಳಲ್ಲಿ ಮುಕ್ಕಾಲು ಪಾಲು ಈ ಜಾತಕದವೇ. ಮುಂದೆಯೂ ಇದು ಬರುತ್ತದೆ, ನೆನಪಿರಲಿ.

ರಿಸೀವರ್ ಆಫ್ ಇದ್ದಾಗ ಟೀವಿಗೆ ಚಿತ್ರ, ಸೌಂಡು ಎರಡನ್ನೂ ದಾಟಿಸುವ ಅನುಕೂಲಕ್ಕೆ ಸ್ಟ್ಯಾಂಡ್‌ಬೈ ಪಾಸ್‌ಥ್ರೂ ಎನ್ನುತ್ತಾರೆ. ಮೆನುವಿನಲ್ಲಿ ಹುಡುಕಿ ಆನ್ ಮಾಡಬೇಕು. ತುಂಬಾ ಹಳೆಯ ರಿಸೀವರ್‌ಗಳಲ್ಲಿ ಇರುವುದಿಲ್ಲ. ಇದ್ದರೂ ಅದಕ್ಕೆ ಗೋಡೆಯಿಂದ ಕರೆಂಟ್ ಬೇಕು. ಸ್ವಿಚ್ ಆಫ್ ಮಾಡುವ ಮನೆಯಲ್ಲಿ ಅದು ಇದ್ದೂ ಇಲ್ಲದ ಹಾಗೆ. ಅಮ್ಮನಿಗೆ ಹೇಳಿ ನೋಡಿದೆ. "ಮಿಂಚು ಗುಡುಗು ಬಂದ್ರೆ ನಿನ್ನ ಡಬ್ಬ ಉಳಿಯತ್ತಾ?" ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ವಾರ್ತೆಗೂ ರಿಸೀವರ್ ಹಾಕಿಬಿಡಿ, ಆಯಿತಲ್ಲ ಎನ್ನಬಹುದು. ರಿಸೀವರ್ ಸಣ್ಣ ಸೌಂಡಿನಲ್ಲಿದ್ದರೂ ಮಾದರಿಗೆ ತಕ್ಕಂತೆ 30ರಿಂದ 60 ವ್ಯಾಟ್ ಎಳೆಯುತ್ತಾ ಬಿಸಿಯಾಗುತ್ತಿರುತ್ತದೆ. ಕರೆಂಟ್ ಹೋಗಿ ಯುಪಿಎಸ್ ಮೇಲೆ ಓಡುವಾಗ ಇದೊಂದು ದಂಡದ ಹೊರೆ. ಫ್ಯಾನಿಗೆ ಸಿಗಬೇಕಾದ ಬ್ಯಾಟರಿಯನ್ನು ಅದು ತಿಂದುಹಾಕುತ್ತದೆ.

ಈ ದಾರಿ ನಮ್ಮ ಮನೆಯಲ್ಲಿ ಪೂರಾ ಮುಚ್ಚಿಹೋದದ್ದು ಹೊಸ ಟೀವಿ ಬಂದ ಮೇಲೆ. ಟೀವಿ 4ಕೆ. ರಿಸೀವರ್ ಹಳೆಯದು, ಎಚ್‌ಡಿಎಂಐ 1.4. ಅದರ ಮೂಲಕ 4ಕೆ ಚಿತ್ರ ಸೆಕೆಂಡಿಗೆ 30 ಫ್ರೇಮ್‌ಗಿಂತ ಜಾಸ್ತಿ ಹೋಗುವುದಿಲ್ಲ. ಸಿನಿಮಾಗೆ 24 ಸಾಕು, ತೊಂದರೆ ಇಲ್ಲ. ಆದರೆ ಡೆಸ್ಕ್‌ಟಾಪಿನಲ್ಲಿ ಮೌಸ್ ಅಲ್ಲಾಡಿಸಿದರೆ ಅದು ಅಂಟು ಮೆತ್ತಿದ ಹಾಗೆ ಎಳೆದೆಳೆದು ಬರುತ್ತದೆ. ಎಚ್‌ಡಿಆರ್ (ಬೆಳಕು, ಬಣ್ಣಗಳ ಹೆಚ್ಚಿನ ವ್ಯಾಪ್ತಿ) ಕೂಡ ಇಲ್ಲ. ನಿಮ್ಮ ರಿಸೀವರ್ ಎಚ್‌ಡಿಎಂಐ 2.0 ಅಥವಾ ಅದಕ್ಕಿಂತ ಹೊಸದಿದ್ದು, ಮನೆಯಲ್ಲಿ ಸ್ವಿಚ್ ಆಫ್ ಮಾಡುವ ರೂಢಿ ಇಲ್ಲದಿದ್ದರೆ ಬೇರೇನೂ ಯೋಚಿಸಬೇಡಿ. ಇದನ್ನೇ ಹಿಡಿಯಿರಿ.

ಪಿಸಿ, ಟೀವಿ, ಆಮೇಲೆ ರಿಸೀವರ್

ಸರದಿ ತಿರುವುಮುರುವು. ಪಿಸಿಯ ಕೇಬಲ್ ನೇರ ಟೀವಿಗೆ. ಟೀವಿಯ ಹಿಂದೆ ಆರ್ಕ್ ಎಂದು ಬರೆದಿರುವ ಎಚ್‌ಡಿಎಂಐ ಪೋರ್ಟಿನಿಂದ ರಿಸೀವರ್‌ನ ಔಟ್ ಪೋರ್ಟಿಗೆ ಇನ್ನೊಂದು ಕೇಬಲ್. ಆರ್ಕ್ ಎಂದರೆ ಆಡಿಯೋ ರಿಟರ್ನ್ ಚಾನೆಲ್. ಸಾಮಾನ್ಯವಾಗಿ ಸೌಂಡು ಟೀವಿ ಕಡೆಗೆ ಹೋಗುತ್ತದೆ, ಇಲ್ಲಿ ಟೀವಿಯಿಂದ ವಾಪಸ್ ಬರುತ್ತದೆ. 2009ರ ಎಚ್‌ಡಿಎಂಐ 1.4ರಲ್ಲಿ ಬಂದದ್ದು.

ಅಪ್ಪನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಸುಲಭ. ಕರೀ ಡಬ್ಬದ ಹಂಗೇ ಇಲ್ಲ. ಟೀವಿ ಹಾಕು, ಪಿಸಿ ಹಾಕು, ವಾರ್ತೆ ನೋಡು. ಟೀವಿಯಲ್ಲೂ ರಿಸೀವರ್‌ನಲ್ಲೂ ಸಿಇಸಿ ಎಂಬ ಆಯ್ಕೆ (ಎಚ್‌ಡಿಎಂಐ ಕೇಬಲ್‌ನಲ್ಲೇ ಒಂದು ಯಂತ್ರ ಇನ್ನೊಂದಕ್ಕೆ ಆಜ್ಞೆ ಕೊಡುವ ವ್ಯವಸ್ಥೆ) ಆನ್ ಇದ್ದರೆ ರಿಸೀವರ್ ಎದ್ದ ತಕ್ಷಣ ಸೌಂಡು ತಾನಾಗಿಯೇ ಅದಕ್ಕೆ ಹೋಗುತ್ತದೆ. ಅದು ಮಲಗಿದರೆ ಟೀವಿಗೆ ವಾಪಸ್. ಟೀವಿ ಕಂಪನಿಗಳು ಇದಕ್ಕೆ ಒಂದೊಂದು ಹೆಸರು ಇಟ್ಟಿವೆ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಒಳಗಿನ ಸರಕು ಒಂದೇ.

ಸಿನಿಮಾ ನೋಡುವವರಿಗೆ ಮಾತ್ರ ಎರಡು ಇಕ್ಕಟ್ಟಾದ ಗಂಟಲುಗಳಿವೆ. ಮೊದಲನೆಯದು ಆರ್ಕ್‌ನ ಅಗಲ. ಹಳೆಯ ಆರ್ಕ್‌ನಲ್ಲಿ ಸ್ಟೀರಿಯೋ ಪಿಸಿಎಂ ಹೋಗುತ್ತದೆ, ಹಿಂಡಿ ಚಿಕ್ಕದು ಮಾಡಿದ ಡಾಲ್ಬಿ ಡಿಜಿಟಲ್ 5.1 ಹೋಗುತ್ತದೆ. ಬ್ಲೂ-ರೇ ಮಟ್ಟದ ಟ್ರೂಎಚ್‌ಡಿ ಹೋಗುವುದಿಲ್ಲ. ಆರ್ಕ್‌ನ ಸುಧಾರಿತ ರೂಪವಾದ ಇ-ಆರ್ಕ್ ಬಂದದ್ದು ಎಚ್‌ಡಿಎಂಐ 2.1ರ ಜೊತೆ, 2017ರಲ್ಲಿ. ಅದರಲ್ಲಿ ಎಲ್ಲವೂ ಹೋಗುತ್ತದೆ. ಆದರೆ ಟೀವಿ, ರಿಸೀವರ್ ಎರಡರಲ್ಲೂ ಇ-ಆರ್ಕ್ ಇರಬೇಕು. ಒಂದರಲ್ಲಿ ಮಾತ್ರ ಇದ್ದರೆ ಹಳೆಯ ಆರ್ಕ್‌ನ ಲೆಕ್ಕವೇ.

ಎರಡನೆಯ ಗಂಟಲು ಟೀವಿಯೇ. ಪಿಸಿಗೆ ಈಗ ಕಾಣುವುದು ಟೀವಿಯ ಜಾತಕ ಅಲ್ವಾ? ಟೀವಿಗೆ ಡಿಟಿಎಸ್ (ಡಾಲ್ಬಿಯಂಥದ್ದೇ ಇನ್ನೊಂದು ಸೌಂಡಿನ ಬಗೆ) ಗೊತ್ತಿಲ್ಲ ಎಂದರೆ ಅದು ರಿಸೀವರ್‌ವರೆಗೂ ಹೋಗುವುದೇ ಇಲ್ಲ. ಸ್ಯಾಮ್‌ಸಂಗ್ 2018ರ ಮಾದರಿಗಳಿಂದ ಡಿಟಿಎಸ್ ಕೈಬಿಟ್ಟಿತು. ಎಲ್‌ಜಿ ಒಲೆಡ್‌ಗಳಲ್ಲಿ 2020ರಿಂದ ಮೂರು ವರ್ಷ ಇರಲಿಲ್ಲ, 2023ರ ಮಾದರಿಗಳಲ್ಲಿ ವಾಪಸ್ ಬಂತು. ನಮ್ಮ ಮನೆಯಲ್ಲಿ ಆದದ್ದು ಇದೇ. ಚಿತ್ರ ಓಡುತ್ತಿದೆ, ಕಾರು ಗುದ್ದುತ್ತಿದೆ, ಸದ್ದೇ ಇಲ್ಲ. ಕೇಬಲ್ ಬದಲಾಯಿಸಿದೆ, ಪಿಸಿ ಮತ್ತೆ ಸ್ಟಾರ್ಟ್ ಮಾಡಿದೆ. ಅರ್ಧ ಭಾನುವಾರ ಹೋಯಿತು. ಆಮೇಲೆ ಇನ್ನೊಂದು ಸಿನಿಮಾ ಹಾಕಿದರೆ ಸೌಂಡು ಸರಿಯಾಗಿ ಬಂತು. ಮೊದಲನೆಯದರಲ್ಲಿ ಇದ್ದದ್ದು ಡಿಟಿಎಸ್, ಇದರಲ್ಲಿ ಡಾಲ್ಬಿ.

ಇದಕ್ಕೆ ಕೋಡಿಯಲ್ಲಿ ಮದ್ದಿದೆ. ಸೆಟ್ಟಿಂಗ್ಸ್, ಸಿಸ್ಟಮ್, ಆಡಿಯೋಗೆ ಹೋಗಿ. ಚಾನೆಲ್‌ಗಳ ಸಂಖ್ಯೆಯನ್ನು 2.0 ಮಾಡಿ. ಪಾಸ್‌ಥ್ರೂ (ಸೌಂಡನ್ನು ಪಿಸಿ ಬಿಡಿಸದೆ ಇದ್ದ ಹಾಗೇ ಕಳಿಸುವುದು) ಆನ್ ಮಾಡಿ. ಅದರ ಕೆಳಗೆ ಡಾಲ್ಬಿ ಡಿಜಿಟಲ್ ಟ್ರಾನ್ಸ್‌ಕೋಡಿಂಗ್ ಎಂಬ ಸಾಲು ಕಾಣಿಸುತ್ತದೆ, ಅದನ್ನೂ ಆನ್ ಮಾಡಿ, ಡಿಟಿಎಸ್ ಸಾಲನ್ನು ಆಫ್ ಮಾಡಿ. 5.1 ಬೇಕಾದಾಗ 2.0 ಯಾಕೆ ಎಂದು ತಲೆ ಕೆರೆದುಕೊಳ್ಳುತ್ತೀರಿ, ನಾನೂ ಕೆರೆದುಕೊಂಡಿದ್ದೆ. ಕೋಡಿಯ ಲೆಕ್ಕದಲ್ಲಿ ಆ ಸಂಖ್ಯೆ ಬಿಡಿಸಿ ಕಳಿಸುವ ಪಿಸಿಎಂಗೆ ಸೇರಿದ್ದು. ಅದು 2.0 ಇದ್ದಾಗ ಮಾತ್ರ ಡಾಲ್ಬಿ ಡಿಜಿಟಲ್ ಅಲ್ಲದ ಬೇರೆ 5.1 ಸೌಂಡನ್ನೆಲ್ಲ ಡಾಲ್ಬಿ ಡಿಜಿಟಲ್‌ಗೆ ತಿರುಗಿಸಿ ಕಳಿಸುತ್ತದೆ. ಗುಣಮಟ್ಟ ಸ್ವಲ್ಪ ಇಳಿಯುತ್ತದೆ. ಮಾಮೂಲಿ 5.1 ಸೆಟ್ಟಿನಲ್ಲಿ ಹೆಚ್ಚಿನವರಿಗೆ ಗೊತ್ತಾಗಲಿಕ್ಕಿಲ್ಲ. ನನಗೆ ಗೊತ್ತಾಯಿತು ಎಂದು ನಾನು ಅಂದುಕೊಂಡಿದ್ದೇನೆ, ಹೆಂಡತಿ ನಂಬುವುದಿಲ್ಲ.

ಹೊಸದಾಗಿ ಎಲ್ಲ ಕೊಳ್ಳುವವರಿದ್ದರೆ, ಎರಡರಲ್ಲೂ ಇ-ಆರ್ಕ್ ಇರುವಂತೆ ನೋಡಿಕೊಂಡು ಈ ದಾರಿ ಹಿಡಿಯಿರಿ ಎನ್ನುತ್ತೇನೆ. ಟೀವಿಯ ಡಿಟಿಎಸ್ ವಿಚಾರ ಮಾತ್ರ ಅಂಗಡಿಯಲ್ಲೇ ಕೇಳಿ, ಆಮೇಲೆ ಅಲ್ಲ.

ಚಿತ್ರಕ್ಕೆ ಎಚ್‌ಡಿಎಂಐ, ಸೌಂಡಿಗೆ ಆಪ್ಟಿಕಲ್

ಇದು ಬಡವರ ಬಾದಾಮಿ. ಹಳೆಯ ರಿಸೀವರ್, ಹಳೆಯ ಪಿಸಿ ಇದ್ದವರಿಗೆ ಹೇಳಿ ಮಾಡಿಸಿದ್ದು. ಪಿಸಿಯಿಂದ ಎಚ್‌ಡಿಎಂಐ ಟೀವಿಗೆ, ಪಿಸಿಯ ಬೆನ್ನಿನಲ್ಲಿ ಕೆಂಪಗೆ ಮಿನುಗುವ ಆಪ್ಟಿಕಲ್ ಪೋರ್ಟಿನಿಂದ ಒಂದು ಸಪೂರ ಕೇಬಲ್ ರಿಸೀವರ್‌ಗೆ. ಕೇಬಲ್‌ಗೆ ಕೆಲವು ನೂರು ರೂಪಾಯಿ, ಬೆಂಗಳೂರಿನವರಾದರೆ ಎಸ್‌ಪಿ ರೋಡಿನಲ್ಲಿ ಯಾವ ಅಂಗಡಿಗೆ ಹೋದರೂ ಸಿಗುತ್ತದೆ. ಎರಡು ತುದಿಯಲ್ಲೂ ಚಿಕ್ಕ ಪ್ಲಾಸ್ಟಿಕ್ ಟೊಪ್ಪಿ ಇರುತ್ತದೆ, ಅದನ್ನು ತೆಗೆದು ಚುಚ್ಚಬೇಕು. ನಗಬೇಡಿ. ತೆಗೆಯದೆ ತುರುಕಿ, ರಿಸೀವರ್ ಕೆಟ್ಟಿದೆ ಎಂದವರನ್ನು ನೋಡಿದ್ದೇನೆ.

ಈ ಕೇಬಲ್‌ನಲ್ಲಿ ಹೋಗುವುದು ಬೆಳಕು, ಕರೆಂಟ್ ಅಲ್ಲ. ಇದರ ದೊಡ್ಡ ಗುಣ ಅದೇ. ನಮ್ಮ ಹಳೆಯ ಮನೆಗಳಲ್ಲಿ ಅರ್ಥಿಂಗ್ ಅಷ್ಟಕ್ಕಷ್ಟೇ. ಪಿಸಿ ಒಂದು ಸಾಕೆಟ್‌ನಲ್ಲಿ, ರಿಸೀವರ್ ಇನ್ನೊಂದರಲ್ಲಿ, ಮೇಲಿಂದ ಕೇಬಲ್ ಟೀವಿಯ ತಂತಿ ಇನ್ನೆಲ್ಲಿಂದಲೋ. 3.5 ಎಂಎಂ ಪಿನ್ನಿನ ತಂತಿ ಎಳೆದ ಕೂಡಲೇ ಸ್ಪೀಕರಿನಲ್ಲಿ ಗುಂಯ್ ಎಂದು ಶುರುವಾಗುತ್ತದೆ. ಅರ್ಥ್ ದಾರಿಗಳು ಎರಡಾಗಿ, ನಡುವೆ ಕರೆಂಟ್ ಸುತ್ತುವುದರಿಂದ ಆಗುವ ಸದ್ದು ಅದು. ಆಪ್ಟಿಕಲ್‌ನಲ್ಲಿ ಆ ಸುತ್ತು ಕಡಿದುಹೋಗುತ್ತದೆ, ಸದ್ದು ಮಾಯ.

ಮಿತಿ ಹೆಚ್ಚುಕಮ್ಮಿ ಹಳೆಯ ಆರ್ಕ್‌ನದ್ದೇ: ಸ್ಟೀರಿಯೋ ಪಿಸಿಎಂ, ಇಲ್ಲವೇ ಡಾಲ್ಬಿ ಡಿಜಿಟಲ್, ಡಿಟಿಎಸ್ 5.1. ಆದರೆ ಇಲ್ಲಿ ನಡುವೆ ಟೀವಿ ಇಲ್ಲ. ಹಾಗಾಗಿ ಡಿಟಿಎಸ್‌ಗೆ ಯಾರ ಅಪ್ಪಣೆಯೂ ಬೇಕಿಲ್ಲ. ಗೇಮ್ ಆಡುವವರಿಗೆ ಮಾತ್ರ ಒಂದು ಎಚ್ಚರಿಕೆ. ಗೇಮಿನ ಸೌಂಡು ಆಗಿಂದಾಗಲೇ ತಯಾರಾಗುವಂಥದ್ದು. ಅದನ್ನು ಆಪ್ಟಿಕಲ್‌ನಲ್ಲಿ 5.1 ಆಗಿ ಕಳಿಸಬೇಕಾದರೆ ಸೌಂಡ್ ಕಾರ್ಡಿನಲ್ಲಿ ಡಾಲ್ಬಿ ಡಿಜಿಟಲ್ ಲೈವ್ ಅಥವಾ ಡಿಟಿಎಸ್ ಕನೆಕ್ಟ್ ಇರಬೇಕು. ಇಲ್ಲದಿದ್ದರೆ ಸ್ಟೀರಿಯೋ ಅಷ್ಟೇ.

ನನ್ನ ಮಿನಿ ಪಿಸಿಯಲ್ಲಿ ಆಪ್ಟಿಕಲ್ ಪೋರ್ಟೇ ಇಲ್ಲ. ಈಗಿನ ಪುಟ್ಟ ಪಿಸಿಗಳಲ್ಲಿ, ಲ್ಯಾಪ್‌ಟಾಪುಗಳಲ್ಲಿ ಇರುವುದು ಅಪರೂಪ. ಯುಎಸ್‌ಬಿಗೆ ಚುಚ್ಚುವ ಅಡಾಪ್ಟರ್ ಸಿಗುತ್ತವೆ, ಆದರೆ ಅಷ್ಟರಲ್ಲಿ ನನಗೆ ಇನ್ನೊಂದು ದಾರಿ ಕಂಡಿತ್ತು.

ಪಿಸಿಯಿಂದಲೇ ಎರಡು ಕೇಬಲ್

ಗ್ರಾಫಿಕ್ಸ್ ಕಾರ್ಡಿನಲ್ಲಾಗಲಿ ಮಿನಿ ಪಿಸಿಯಲ್ಲಾಗಲಿ ಸಾಮಾನ್ಯವಾಗಿ ಚಿತ್ರಕ್ಕೆ ಎರಡು ಪೋರ್ಟ್ ಇರುತ್ತವೆ. ಒಂದು ಎಚ್‌ಡಿಎಂಐ, ಇನ್ನೊಂದು ಡಿಸ್‌ಪ್ಲೇಪೋರ್ಟ್. ಎಚ್‌ಡಿಎಂಐಯನ್ನು ಟೀವಿಗೆ ಕೊಟ್ಟೆ. ಡಿಸ್‌ಪ್ಲೇಪೋರ್ಟಿಗೆ ಎಚ್‌ಡಿಎಂಐ ಅಡಾಪ್ಟರ್ ಹಾಕಿ ರಿಸೀವರ್‌ಗೆ ಕೊಟ್ಟೆ. ಟೀವಿಗೆ 4ಕೆ ಚಿತ್ರ ಸೆಕೆಂಡಿಗೆ 60 ಫ್ರೇಮ್‌ನಲ್ಲಿ ನೇರವಾಗಿ ಬಂತು, ಹಳೆಯ ರಿಸೀವರ್‌ನ ಗೊಡವೆ ಇಲ್ಲ. ರಿಸೀವರ್‌ಗೆ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಎಲ್ಲ ನೇರವಾಗಿ ಬಂತು, ಟೀವಿಯ ಗೊಡವೆ ಇಲ್ಲ. ಇಬ್ಬರ ಜಾತಕವೂ ಬೇರೆ ಬೇರೆ.

ತೊಂದರೆ ಒಂದಿದೆ, ಅದು ವಿಚಿತ್ರ. ಎಚ್‌ಡಿಎಂಐನಲ್ಲಿ ಸೌಂಡು ಒಂಟಿಯಾಗಿ ಹೋಗುವುದಿಲ್ಲ. ಚಿತ್ರದ ಸಾಲು ಸಾಲುಗಳ ನಡುವೆ ಇರುವ ಖಾಲಿ ಜಾಗದಲ್ಲಿ ಸೌಂಡಿನ ಪೊಟ್ಟಣಗಳನ್ನು ಇಟ್ಟು ಕಳಿಸುತ್ತಾರೆ. ಚಿತ್ರ ಇಲ್ಲದೆ ಸೌಂಡೂ ಇಲ್ಲ. ಅಂದರೆ ರಿಸೀವರ್‌ಗೂ ಪಿಸಿ ಒಂದು ಚಿತ್ರ ಕಳಿಸಲೇಬೇಕು. ವಿಂಡೋಸ್ ಅದನ್ನು ಎರಡನೇ ಮಾನಿಟರ್ ಎಂದು ತಿಳಿಯುತ್ತದೆ. ಯಾರ ಕಣ್ಣಿಗೂ ಕಾಣದ ಒಂದು ಭೂತದ ಪರದೆ! ಮೌಸ್ ಬಲಕ್ಕೆ ಎಳೆದರೆ ಅದರೊಳಗೆ ಹೋಗಿ ಮಾಯ. ಒಮ್ಮೊಮ್ಮೆ ಬ್ರೌಸರ್ ಕೂಡ ಅಲ್ಲಿಯೇ ತೆರೆದುಕೊಳ್ಳುತ್ತದೆ. ಎರಡನೇ ದಿನವೇ ಅಪ್ಪ, "ಬಾಣದ ಗುರುತು ಗೋಡೆಯೊಳಗೆ ಹೋಯ್ತು" ಎಂದರು.

ಎರಡೂ ಪರದೆಯಲ್ಲಿ ಒಂದೇ ಚಿತ್ರ ತೋರಿಸು ಎಂದರೆ ಭೂತ ಹೋಗುತ್ತದೆ, ಆದರೆ ಟೀವಿ ಕೂಡ ರಿಸೀವರ್‌ನ ಮಟ್ಟಕ್ಕೆ ಇಳಿಯುವ ಸಾಧ್ಯತೆ ಜಾಸ್ತಿ. ಅದರ ಬದಲು ಹೀಗೆ ಮಾಡಿ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಎರಡು ಪರದೆಗಳ ಚೌಕ ಕಾಣಿಸುತ್ತವೆ. ಟೀವಿಯನ್ನು ಮುಖ್ಯ ಪರದೆ ಮಾಡಿ. ಇನ್ನೊಂದರ ರೆಸೊಲ್ಯೂಷನ್ 1080ಪಿಗೆ ಇಳಿಸಿ. ಅದರ ಚೌಕವನ್ನು ಎಳೆದು ಟೀವಿಯ ಚೌಕದ ಮೇಲಿನ ಬಲ ಮೂಲೆಗೆ, ಮೂಲೆಗೆ ಮೂಲೆ ಮಾತ್ರ ತಾಗುವಂತೆ ಇಡಿ. ಆಗ ಮೌಸ್ ಆಚೆಗೆ ದಾಟಲು ಇರುವ ಬಾಗಿಲು ಸೂಜಿಮೊನೆಯಷ್ಟು. ತಪ್ಪಿ ಯಾವುದಾದರೂ ವಿಂಡೋ ಅಲ್ಲಿ ತೆರೆದುಕೊಂಡರೆ ವಿಂಡೋಸ್ ಕೀ, ಶಿಫ್ಟ್, ಎಡ ಬಾಣ ಒಟ್ಟಿಗೆ ಒತ್ತಿ, ಈಚೆಗೆ ಬರುತ್ತದೆ.

ತುಟಿ ಮತ್ತು ಮಾತಿನ ಹೊಂದಾಣಿಕೆ ಇಲ್ಲಿ ನಾವೇ ಮಾಡಬೇಕು. ಸೌಂಡು ಟೀವಿಯ ಕಡೆ ಹೋಗದ ಕಾರಣ ಟೀವಿ ಎಷ್ಟು ತಡ ಮಾಡಿತು ಎಂದು ರಿಸೀವರ್‌ಗೆ ಗೊತ್ತಾಗುವುದಿಲ್ಲ. ಮೊದಲ ದಿನ ಎಲ್ಲ ಸಿನಿಮಾವೂ ಡಬ್ಬಿಂಗ್ ಸಿನಿಮಾದ ಹಾಗೆ ಕಂಡಿತು. ಕೋಡಿಯಲ್ಲಿ ಸಿನಿಮಾ ಓಡುತ್ತಿರುವಾಗಲೇ ಆಡಿಯೋ ಆಫ್‌ಸೆಟ್ ಬದಲಾಯಿಸಬಹುದು. ಚಪ್ಪಾಳೆ ತಟ್ಟುವ ದೃಶ್ಯವೊಂದನ್ನು ಹಿಂದೆ ಮುಂದೆ ಓಡಿಸಿ, ಸರಿ ಎನಿಸಿದ ಕಡೆ ನಿಲ್ಲಿಸಿ, ಎಲ್ಲ ವಿಡಿಯೋಗೂ ಅದೇ ಇರಲಿ ಎಂದು ಉಳಿಸಿ.

ಇಷ್ಟಾದ ಮೇಲೆ ಹೊಳೆದದ್ದು ಇಡೀ ಪ್ರಯೋಗದಲ್ಲಿ ನನಗೆ ಸಿಕ್ಕ ಒಳ್ಳೆಯ ಫಲ. ಸೌಂಡನ್ನು ಯಾಕೆ ತಿರುಗಿಸುತ್ತಾ ಕೂರಬೇಕು? ವಾರ್ತೆ ಬ್ರೌಸರಿನಲ್ಲಿ, ಸಿನಿಮಾ ಕೋಡಿಯಲ್ಲಿ. ಪ್ರೋಗ್ರಾಮ್‌ಗಳೇ ಬೇರೆ ಬೇರೆ. ಬ್ರೌಸರ್ ಯಾವಾಗಲೂ ಟೀವಿಗೆ ಮಾತಾಡಲಿ, ಕೋಡಿ ಯಾವಾಗಲೂ ರಿಸೀವರ್‌ಗೆ ಮಾತಾಡಲಿ. ಬ್ರೌಸರಿನಲ್ಲಿ ಬರುವ ವಾರ್ತೆ ಹೇಗಿದ್ದರೂ ಸ್ಟೀರಿಯೋ, ಅದಕ್ಕೆ ಐದು ಸ್ಪೀಕರ್ ಯಾಕೆ?

ಮಾಡಿದ್ದು ಎರಡೇ ಕೆಲಸ. ವಿಂಡೋಸ್‌ನ ಡೀಫಾಲ್ಟ್ ಸೌಂಡ್ ಡಿವೈಸ್ ಟೀವಿ. ಕೋಡಿಯ ಆಡಿಯೋ ಔಟ್‌ಪುಟ್ ಡಿವೈಸ್ ಎಂಬಲ್ಲಿ ಡೀಫಾಲ್ಟ್ ಬಿಟ್ಟು ರಿಸೀವರ್‌ನ ಹೆಸರು. ಅಲ್ಲಿ ಒಂದೇ ಹೆಸರು ಎರಡು ಸಲ ಕಾಣಿಸುತ್ತದೆ, ಡೈರೆಕ್ಟ್‌ಸೌಂಡ್ ಎಂದು ಒಮ್ಮೆ, ವಾಸಾಪಿ ಎಂದು ಒಮ್ಮೆ. ವಾಸಾಪಿಯದ್ದನ್ನೇ ಆರಿಸಿ, ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿಗಳ ಪಾಸ್‌ಥ್ರೂ ಅದರಲ್ಲಿ ಮಾತ್ರ ಆಗುವುದು. ಕೋಡಿಯಂತೆ ಒಳಗೇ ಆಯ್ಕೆ ಇಲ್ಲದ ಪ್ರೋಗ್ರಾಮ್‌ಗೆ ವಿಂಡೋಸ್ 10ರಲ್ಲಿ 2018ರ ಏಪ್ರಿಲ್ ಅಪ್‌ಡೇಟ್‌ನಿಂದ ಬೇರೆಯೇ ಜಾಗ ಮಾಡಿಕೊಟ್ಟಿದ್ದಾರೆ. ವಿಂಡೋಸ್ 11ರಲ್ಲಿ ಅದು ಸೌಂಡ್ ಸೆಟ್ಟಿಂಗ್ಸ್‌ನ ವಾಲ್ಯೂಮ್ ಮಿಕ್ಸರ್ ಒಳಗಿದೆ. ಓಡುತ್ತಿರುವ ಪ್ರತಿ ಪ್ರೋಗ್ರಾಮ್‌ಗೂ ಯಾವ ಡಿವೈಸ್ ಎಂದು ಹೇಳಬಹುದು.

ಒಂದು ಕ್ರಮ ಪಾಲಿಸಬೇಕು. ರಿಸೀವರ್ ಆನ್ ಮಾಡಿದ ಮೇಲೆ ಕೋಡಿ ತೆರೆಯಬೇಕು. ರಿಸೀವರ್ ಆಫ್ ಇದ್ದಾಗ ವಿಂಡೋಸ್ ಪಟ್ಟಿಯಿಂದ ಅದರ ಹೆಸರೇ ಹೋಗಿರುತ್ತದೆ, ಕೋಡಿ ಹುಡುಕಿ ಸೋತು ಬೇರೆ ಯಾವುದನ್ನೋ ಹಿಡಿದುಕೊಳ್ಳುತ್ತದೆ.

ಈ ಪ್ರೋಗ್ರಾಮ್ ಹಂಚುವ ಉಪಾಯ ಆಪ್ಟಿಕಲ್ ದಾರಿಯಲ್ಲೂ ನಡೆಯುತ್ತದೆ. ಅಲ್ಲಿ ಭೂತದ ಪರದೆಯೂ ಇಲ್ಲ, ಆ ಲೆಕ್ಕದಲ್ಲಿ ಅದು ಇನ್ನೂ ಸಲೀಸು. ಮೊದಲ ಎರಡು ದಾರಿಗಳಲ್ಲಿ ನಡೆಯುವುದಿಲ್ಲ, ಯಾಕೆಂದರೆ ಅಲ್ಲಿ ಪಿಸಿಗೆ ಕಾಣುವುದು ಒಂದೇ ಡಿವೈಸ್.

ಸ್ಪ್ಲಿಟರ್ ಡಬ್ಬಿಗಳು

ಒಂದು ಎಚ್‌ಡಿಎಂಐ ಒಳಗೆ, ಎರಡು ಹೊರಗೆ. ನೋಡಲು ಸರಳ, ಅಂಗಡಿಯವರು ಮೊದಲು ತೋರಿಸುವುದೂ ಇದನ್ನೇ. ಮತ್ತೆ ಅದೇ ಜಾತಕದ ಗೋಳು: ಡಬ್ಬಿ ಪಿಸಿಗೆ ಯಾರ ಜಾತಕ ತೋರಿಸುತ್ತದೆ ಎಂಬುದು ಅದರ ಮರ್ಜಿ. ಟೀವಿಯದ್ದು ತೋರಿಸಿದರೆ ಸೌಂಡು ಟೀವಿಯ ಮಟ್ಟಕ್ಕೆ, ರಿಸೀವರ್‌ದು ತೋರಿಸಿದರೆ ಚಿತ್ರ ರಿಸೀವರ್‌ನ ಮಟ್ಟಕ್ಕೆ ಇಳಿಯುತ್ತದೆ. ಜಾತಕ ಆರಿಸಲು ಪುಟ್ಟ ಸ್ವಿಚ್ಚುಗಳಿರುವ ಡಬ್ಬಿ ಸಿಕ್ಕರೆ ಮಾತ್ರ ಯೋಚಿಸಿ. ಪಿಸಿಯಲ್ಲಿ ಒಂದೇ ಪೋರ್ಟ್ ಇದ್ದು, ರಿಸೀವರ್ ಹಳೆಯದಿದ್ದು, ಟೀವಿಯಲ್ಲಿ ಆರ್ಕ್ ಕೂಡ ಇಲ್ಲದಿದ್ದರೆ ಆಡಿಯೋ ಎಕ್ಸ್‌ಟ್ರಾಕ್ಟರ್ ಎಂಬ ಅದರ ತಮ್ಮ ಉಪಯೋಗಕ್ಕೆ ಬರುತ್ತಾನೆ. ಅದು ಚಿತ್ರವನ್ನು ಟೀವಿಗೆ ಬಿಟ್ಟು ಸೌಂಡನ್ನು ಆಪ್ಟಿಕಲ್‌ನಲ್ಲಿ ಹೊರತೆಗೆದು ಕೊಡುತ್ತದೆ.

ನಿಜಕ್ಕೂ ಎರಡೂ ಒಟ್ಟಿಗೆ ನುಡಿಯಬೇಕೆಂದರೆ

ಅದು ಸಾಫ್ಟ್‌ವೇರ್ ಕೆಲಸ, ಮತ್ತು ಪಿಸಿಗೆ ಎರಡು ಡಿವೈಸ್ ಕಾಣುವ ಜೋಡಣೆ ಇರಬೇಕು. ಮ್ಯಾಕ್‌ನಲ್ಲಿ ಇದು ಒಳಗೇ ಇದೆ: ಆಡಿಯೋ ಮಿಡಿ ಸೆಟಪ್ ತೆರೆದು ಮಲ್ಟಿ-ಔಟ್‌ಪುಟ್ ಡಿವೈಸ್ ಮಾಡಿ, ಎರಡಕ್ಕೂ ಟಿಕ್ ಹಾಕಿದರೆ ಆಯಿತು. ಲಿನಕ್ಸ್‌ನಲ್ಲಿ ಪಲ್ಸ್‌ಆಡಿಯೋದ ಕಂಬೈನ್ ಸಿಂಕ್ ಎಂಬ ಮಾಡ್ಯೂಲ್ ಇದೇ ಕೆಲಸ ಮಾಡುತ್ತದೆ, ಪೈಪ್‌ವೈರ್‌ನಲ್ಲೂ ಇದೆ. ವಿಂಡೋಸ್‌ನಲ್ಲಿ ಇಷ್ಟು ಸಲೀಸಾದ ದಾರಿ ಇಲ್ಲ. ವಾಯ್ಸ್‌ಮೀಟರ್ ಎಂಬ ಪ್ರೋಗ್ರಾಮ್ ಹಾಕಿಕೊಂಡರೆ ಅದು ಒಂದು ಸುಳ್ಳು ಸೌಂಡ್ ಕಾರ್ಡ್ ಆಗಿ ನಿಂತು, ಬಂದದ್ದನ್ನು ಎರಡು ಕಡೆಗೆ ಹಂಚುತ್ತದೆ.

ಯಾವುದನ್ನು ಹಿಡಿದರೂ ಎರಡು ಮಾತು ಅನ್ವಯಿಸುತ್ತವೆ. ಪಾಸ್‌ಥ್ರೂ ಸಿಗುವುದಿಲ್ಲ, ಎಲ್ಲವೂ ಪಿಸಿಎಂ ಆಗಿಯೇ ಹೋಗಬೇಕು. ಜೊತೆಗೆ ಎರಡು ಡಿವೈಸ್‌ಗಳ ಗಡಿಯಾರ ಒಂದೇ ಆಗಿರುವುದಿಲ್ಲ. ಎರಡೂ ಸೆಕೆಂಡಿಗೆ 48,000 ಸ್ಯಾಂಪಲ್ ಎಂದೇ ಹೇಳಿಕೊಳ್ಳುತ್ತವೆ, ಆದರೆ ಒಂದು ಕೂದಲೆಳೆಯಷ್ಟು ಬೇಗ ಓಡುತ್ತದೆ. ಅರ್ಧ ಗಂಟೆಯಲ್ಲಿ ಅಂತರ ಕಾಣಿಸಿಕೊಳ್ಳುತ್ತದೆ. ಮ್ಯಾಕ್‌ನಲ್ಲಿ ಡ್ರಿಫ್ಟ್ ಕರೆಕ್ಷನ್ ಎಂಬ ಟಿಕ್ ಇರುವುದು ಇದಕ್ಕೇ, ಮರೆಯಬೇಡಿ. ಪಿಸಿಯ ತಂಟೆಯೇ ಬೇಡ ಎನ್ನುವವರು ಟೀವಿಯ ಸೌಂಡ್ ಮೆನುವನ್ನೂ ಒಮ್ಮೆ ನೋಡಿ. ಎಲ್‌ಜಿಯ ಹಲವು ಟೀವಿಗಳಲ್ಲಿ ಆಪ್ಟಿಕಲ್ ಮತ್ತು ಟೀವಿ ಸ್ಪೀಕರ್ ಎರಡೂ ಒಟ್ಟಿಗೆ ಎಂಬ ಆಯ್ಕೆ ಇದೆ.

ಈಗ ನಮ್ಮ ಮನೆಯಲ್ಲಿ

ಎರಡು ಕೇಬಲ್‌ನ ಜೋಡಣೆಯೇ ಉಳಿದಿದೆ. ರಾತ್ರಿ ಮಗು ಮಲಗಿದ ಮೇಲೆ ಸಿನಿಮಾ ನೋಡುವಾಗ ಮಾತ್ರ ಕೋಡಿಯ ಸೌಂಡೂ ಟೀವಿಯಲ್ಲಿ ಸಣ್ಣಗೆ ಬಂದರೆ ಸಾಕು ಎನಿಸುತ್ತದೆ. ಅದಕ್ಕೆ ಕೋಡಿಯಲ್ಲಿ ಆಡಿಯೋ ಪ್ರೊಫೈಲ್ಸ್ ಎಂಬ ಆಡ್‌ಆನ್ ಹಾಕಿದ್ದೇನೆ. ಒಂದು ಪ್ರೊಫೈಲ್‌ನಲ್ಲಿ ರಿಸೀವರ್ ಮತ್ತು ಪಾಸ್‌ಥ್ರೂ, ಇನ್ನೊಂದರಲ್ಲಿ ಟೀವಿ ಮತ್ತು 2.0. ರಿಮೋಟಿನ ಒಂದು ಗುಂಡಿಗೆ ಇದನ್ನು ಕಟ್ಟಿದ್ದೇನೆ. ಯಾವ ಗುಂಡಿ ಎಂದು ನೆನಪಿರಲಿ ಎಂದು ಅಮ್ಮ ಅದರ ಮೇಲೆ ಕೆಂಪು ಸ್ಟಿಕರ್ ಬೊಟ್ಟು ಅಂಟಿಸಿದ್ದಾರೆ.

ಅಪ್ಪನ ಫೋನು ನಿಂತಿತ್ತು. ಕಳೆದ ವಾರ ಮತ್ತೆ ಬಂತು.

"ಲೋ, ಆ ಕರೀ ಡಬ್ಬದಲ್ಲಿ ಪಿ.ಬಿ. ಶ್ರೀನಿವಾಸ್ ಹಾಡು ಕೇಳ್ಬೇಕಲ್ಲ. ಟೀವಿಲಿ ಬರೀ ಸೀಕಲು ಸೀಕಲಾಗಿ ಬರತ್ತೆ."

ಹಾಡುಗಳನ್ನೆಲ್ಲ ಒಂದು ಫೋಲ್ಡರ್‌ಗೆ ಹಾಕಿ ಕೋಡಿಗೆ ಸೇರಿಸಿಕೊಟ್ಟಿದ್ದೇನೆ. ಈಗ ಕರೀ ಡಬ್ಬದ ಸ್ವಿಚ್ಚನ್ನು ಅವರೇ ಹಾಕುತ್ತಾರೆ. ಅಮ್ಮ ಆಫ್ ಮಾಡುತ್ತಾರೆ.